ಎಐ ಇಲ್ದೆ ಕೈನೇ ಓಡಲ್ಲ ಅನ್ನೋ ಹಂಗಾಗಿದ್ಯಾ? ಮೊದಲ ಹತ್ತು ನಿಮಿಷ ವಾಪಸ್ ತಗೊಳ್ಳೋದು ಹೇಗೆ

ಹೋದ ವರ್ಷ ಅಮ್ಮನ ಪಾಸ್‌ಬುಕ್ಕಲ್ಲಿ ಹೆಸರಿನ ಸ್ಪೆಲ್ಲಿಂಗ್ ತಪ್ಪಿತ್ತು, ಸರಿ ಮಾಡ್ಸೋಣ ಅಂತ ತಿಪಟೂರಲ್ಲಿ ಬ್ಯಾಂಕಿಗೆ ಹೋಗಿದ್ದೆ. ಕೌಂಟರಲ್ಲಿ ಕೂತಿದ್ದೋರು ಒಂದು ಬಿಳಿ ಹಾಳೆ ತಳ್ಳಿ "ಒಂದು ಅರ್ಜಿ ಬರ್ಕೊಡಿ ಮೇಡಂ" ಅಂದ್ರು. ನನ್ನ ಫೋನ್ ಚಾರ್ಜ್ ಖಾಲಿಯಾಗಿ ಆಫ್ ಆಗಿತ್ತು. ಪೆನ್ನು ಹಿಡ್ಕೊಂಡು ನಿಂತೆ ನೋಡಿ, ನಿಂತೇ ಇದ್ದೆ, ಐದು ನಿಮಿಷ ಆದ್ರೂ ಮೊದಲನೇ ಸಾಲು ಬರ್ತಿಲ್ಲ. ಪಿಯುಸಿ ಓದೋವಾಗ ನಮ್ಮ ಬೀದಿಯ ಅರ್ಧ ಜನರ ಅರ್ಜಿ ನಾನೇ ಬರೀತಿದ್ದೆ ಸ್ವಾಮಿ, ನಲ್ಲಿ ನೀರು ಬರ್ತಿಲ್ಲ ಅನ್ನೋದ್ರಿಂದ ಹಿಡಿದು ರೇಷನ್ ಕಾರ್ಡು, ವಿಧವಾ ವೇತನದ ತನಕ. ಅದೇ ಕೈ ಇದು. ಪಕ್ಕದಲ್ಲಿ ಪೆನ್ಷನ್‌ಗೆ ಬಂದಿದ್ದ ಅಜ್ಜ ಒಬ್ರು ನನ್ನನ್ನ ನೋಡಿ ನೋಡಿ ಸಾಕಾಗಿ "ಇವರಿಂದ, ಇವರಿಗೆ ಅಂತ ಶುರು ಮಾಡವ್ವ, ಮಿಕ್ಕಿದ್ದು ತಾನೇ ಬರುತ್ತೆ" ಅಂದ್ರು. ಹಂಗೇ ಆಯ್ತು. ಶುರು ಆದ್ಮೇಲೆ ಮೂರು ನಿಮಿಷದ ಕೆಲಸ.

ಅವತ್ತು ಬಸ್ಸಲ್ಲಿ ವಾಪಸ್ ಬರ್ತಾ ಯೋಚನೆ ಮಾಡ್ದೆ, ಅರ್ಜಿ ಬರಿಯೋದು ನನಗೆ ಮರ್ತಿರ್ಲಿಲ್ಲ, ಶುರು ಮಾಡೋದು ಮರ್ತಿತ್ತು. ಯಾಕಂದ್ರೆ ಎರಡು ವರ್ಷದಿಂದ ಎಲ್ಲಾದನ್ನೂ ಶುರು ಮಾಡ್ತಿದ್ದಿದ್ದು ಚಾಟ್‌ಜಿಪಿಟಿ. ಮೇಲ್ ಆಗ್ಲಿ, ಮಗನ ಸ್ಕೂಲಿಗೆ ರಜಾ ಚೀಟಿ ಆಗ್ಲಿ, ನಾದಿನಿ ಗೃಹಪ್ರವೇಶಕ್ಕೆ ವಾಟ್ಸಾಪಲ್ಲಿ ಹಾಕೋ ಎರಡು ಸಾಲು ಆಗ್ಲಿ. ಎಐ ಅವಲಂಬನೆ ಅಂದ್ರೆ ಜನ ಸೋಮಾರಿತನ ಅಂತಾರೆ, ನನಗೆ ಅದು ಸುಳ್ಳು ಅನ್ಸುತ್ತೆ. ಸೋಮಾರಿಗಳಿಗಿಂತ ಜಾಸ್ತಿ ಇದಕ್ಕೆ ಬಿದ್ದಿರೋದು ಗಡಿಬಿಡಿಲಿ ಇರೋರು, ಭಯ ಇರೋರು, ತಪ್ಪಾದ್ರೆ ಯಾರಾದ್ರೂ ನಗ್ತಾರೆ ಅಂತ ಹಿಂಜರಿಯೋರು. ಯಾವುದೇ ಕೆಲಸದಲ್ಲೂ ಮೊದಲ ಹತ್ತು ನಿಮಿಷ ಒಂಥರಾ ಹಿಂಸೆ, ತಲೆ ಖಾಲಿ, ಏನೂ ಹೊಳಿಯಲ್ಲ. ಆ ಹಿಂಸೆನ ಅದು ಎರಡು ಸೆಕೆಂಡಲ್ಲಿ ತೆಗೆದುಬಿಡುತ್ತೆ. ನೋವಿಗೆ ಮಾತ್ರೆ ಇದ್ದಂಗೆ. ಹಾಗಾಗಿ ಇದನ್ನ ಬಿಡಿ ಅಂತ ನಾನು ಹೇಳ್ತಿಲ್ಲ, ನಾನೂ ಬಿಟ್ಟಿಲ್ಲ, ಆ ಮೊದಲ ಹತ್ತು ನಿಮಿಷ ಮಾತ್ರ ವಾಪಸ್ ತಗೊಳ್ಳೋದು ಹೇಗೆ ಅಂತ ನಾನು ಮಾಡಿ ನೋಡಿದ್ದನ್ನ ಬರೀತೀನಿ.

ಮೊದಲು ಒಂದು ವಾರ ಏನೂ ಬದಲಾಯಿಸ್ಬೇಡಿ, ಗೆರೆ ಎಳೀರಿ

ಒಂದು ಸಣ್ಣ ನೋಟ್‌ಬುಕ್, ಹಾಲಿನ ಲೆಕ್ಕ ಬರಿಯೋ ಅಂಥದ್ದಾದ್ರೂ ಸಾಕು. ಎಐ ತೆಗ್ದಾಗೆಲ್ಲ ಒಂದು ಗೆರೆ. ಗೆರೆ ಪಕ್ಕ ಒಂದೇ ಒಂದು ಪದ: ತೆಗಿಯೋದಕ್ಕೆ ಒಂದು ನಿಮಿಷ ಮುಂಚೆ ಮನಸ್ಸಲ್ಲಿ ಏನಿತ್ತು. ಅವಸರ, ಭಯ, ಬೇಜಾರು, ಒಂಟಿ, ಅನುಮಾನ, ಇಲ್ಲಾಂದ್ರೆ "ಕೆಲಸ". ಏನು ಕೇಳಿದ್ರಿ ಅಂತ ಬರಿಯೋದು ಬೇಡ, ಅದು ಹೆಂಗೂ ಚಾಟ್ ಹಿಸ್ಟರಿಲಿ ಇರುತ್ತೆ. ಫೋನಲ್ಲಿರೋ ಸ್ಕ್ರೀನ್ ಟೈಮ್ ನೋಡಿದ್ರೆ ಪ್ರಯೋಜನ ಇಲ್ಲ, ಅದು ನಿಮಿಷ ಲೆಕ್ಕ ಹಾಕುತ್ತೆ ಅಷ್ಟೇ, ಎರಡು ನಿಮಿಷದ ಒಂದು ಚಾಟಲ್ಲಿ ನೀವು ಒಂದಿಡೀ ನಿರ್ಧಾರನೇ ಅದಕ್ಕೆ ಒಪ್ಸಿರ್ತೀರ.

ನನ್ನ ಮೊದಲ ವಾರದ ಲೆಕ್ಕ 41 ಗೆರೆ. ಅದ್ರಲ್ಲಿ "ಕೆಲಸ" ಅಂತ ಪ್ರಾಮಾಣಿಕವಾಗಿ ಬರ್ದಿದ್ದು 12. ಮಿಕ್ಕಿದ್ರಲ್ಲಿ ಜಾಸ್ತಿ ಇದ್ದಿದ್ದು ಭಯ. ನನಗೇ ಆಶ್ಚರ್ಯ ಆಯ್ತು, ನಾನು ಅವಸರ ಅಂದ್ಕೊಂಡಿದ್ದೆ.

ಭಯಕ್ಕೆ ಮುಖ್ಯ ಕಾರಣ ಇಂಗ್ಲಿಷು

ಇದನ್ನ ಸ್ವಲ್ಪ ಉದ್ದ ಬರೀತೀನಿ, ಯಾಕಂದ್ರೆ ಬೇರೆ ದೇಶದೋರು ಬರಿಯೋ ಸಲಹೆಗಳಲ್ಲಿ ಇದು ಬರೋದೇ ಇಲ್ಲ. ಕನ್ನಡ ಮೀಡಿಯಂ ಓದಿ ಬೆಂಗಳೂರಲ್ಲಿ ಕೆಲಸ ಮಾಡೋರಿಗೆ ಗೊತ್ತು, ಕೆಲಸ ಬರುತ್ತೆ, ಮೇಲ್ ಬರಲ್ಲ. ಮ್ಯಾನೇಜರಿಗೆ ಎರಡು ಸಾಲು ಬರಿಯೋಕೆ ಅರ್ಧ ಗಂಟೆ, ಬರೆದಾದ್ಮೇಲೆ ಪಕ್ಕದ ಸೀಟಿನೋಳಿಗೆ "ಸ್ವಲ್ಪ ನೋಡೇ" ಅಂತ ತೋರಿಸ್ಬೇಕು, ಅವಳು ಒಂದು ಸಲ ನಕ್ಕರೆ ಮುಗೀತು, ಇಡೀ ವಾರ ಹಾಳು. ಚಾಟ್‌ಜಿಪಿಟಿ 2022ರ ನವೆಂಬರ್ 30ಕ್ಕೆ ಬಂದಾಗ ನಮ್ಮಂಥೋರಿಗೆ ಅದು ನಿಜವಾಗ್ಲೂ ಬಿಡುಗಡೆ, ಅದನ್ನ ಅಲ್ಲಗಳೆದು ಮಾತಾಡೋರು ಹುಟ್ಟಿದ್ದೇ ಇಂಗ್ಲಿಷಲ್ಲಿ ಅಂತ ಕಾಣುತ್ತೆ. ಅದು ನಗಲ್ಲ. ಹತ್ತನೇ ಸಲ ಅದೇ ಕೇಳಿದ್ರೂ ಮುಖ ಸಿಂಡರಿಸಲ್ಲ.

ಆದ್ರೆ ಆದದ್ದೇನು ಅಂದ್ರೆ, ಎರಡು ವರ್ಷ ಅದರ ಕೈಲಿ ಮೇಲ್ ಬರ್ಸಿದ್ಮೇಲೂ ನನ್ನ ಇಂಗ್ಲಿಷು ಇದ್ದಲ್ಲೇ ಇತ್ತು, ಮೀಟಿಂಗಲ್ಲಿ ಬಾಯಿ ತೆಗ್ದಾಗ ಬೇರೆ ಮನುಷ್ಯಳು, ಮೇಲಲ್ಲಿ ಬೇರೆ ಮನುಷ್ಯಳು. ಮೇಲ್ ನೋಡಿದೋರು ಇವಳು ಮೀಟಿಂಗಲ್ಲಿ ಯಾಕಿಷ್ಟು ಸುಮ್ನೆ ಕೂರ್ತಾಳೆ ಅಂತ ಕೇಳೋ ಮಟ್ಟಕ್ಕೆ ಬಂತು. ಆವಾಗ ಭಯ ಇನ್ನೂ ಜಾಸ್ತಿ, ಭಯ ಜಾಸ್ತಿ ಆದ್ರೆ ಮತ್ತೆ ಅದೇ ಚಾಟ್ ಕಿಟಕಿ ತೆಗಿಯೋದು.

ಈಗ ಮಾಡೋದು ಹಿಂಗೆ. ನನಗೆ ಬರೋ ಹರಕು ಮುರುಕು ಇಂಗ್ಲಿಷಲ್ಲೇ ಪೂರ್ತಿ ಮೇಲ್ ಬರೀತೀನಿ, ಪದ ಸಿಗದಿದ್ರೆ ಅಲ್ಲಿ ಕನ್ನಡ ಪದನೇ ಹಾಕ್ತೀನಿ. ಆಮೇಲೆ ಎಐಗೆ ಹಾಕಿ ಕನ್ನಡದಲ್ಲೇ ಹೇಳ್ತೀನಿ: "ಇದನ್ನ ಮತ್ತೆ ಬರೀಬೇಡ. ಎಲ್ಲೆಲ್ಲಿ ತಪ್ಪಿದೆ ಅಂತ ಸಾಲು ತೋರ್ಸಿ ಯಾಕೆ ತಪ್ಪು ಅಂತ ಒಂದೊಂದೇ ಸಾಲಲ್ಲಿ ಹೇಳು, ತಿದ್ದೋದು ನಾನು." ತಪ್ಪುಗಳನ್ನ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರ್ಕೊಳ್ಳಿ. ಒಂದು ತಿಂಗಳಾದ್ಮೇಲೆ ನೋಡಿದ್ರೆ ನಿಮ್ಮ ತಪ್ಪುಗಳು ಒಟ್ಟು ಆರೋ ಏಳೋ, ಅವೇ ತಿರುಗಿ ತಿರುಗಿ ಬರೋದು. ನಂದು "ಡಿಸ್ಕಸ್ ಅಬೌಟ್" ಒಂದು, "ರಿವರ್ಟ್ ಬ್ಯಾಕ್" ಒಂದು, ಮತ್ತೆ ಎಲ್ಲಿ "ದಿ" ಹಾಕ್ಬೇಕು ಎಲ್ಲಿ ಹಾಕ್ಬಾರ್ದು ಅನ್ನೋದು. ಆರು ತಪ್ಪಿಗೆ ಎರಡು ವರ್ಷ ಹೆದ್ರಿದ್ದೆ.

ಮೂರು ಗುಂಪು ಮಾಡಿ, ಎಲ್ಲಾದಕ್ಕೂ ಒಂದೇ ಕಾನೂನು ಬೇಡ

ವಾರ ಆದ್ಮೇಲೆ ಗೆರೆಗಳನ್ನ ವಿಂಗಡಿಸಿ. ಒಂದು, ಕತ್ತೆ ಚಾಕರಿ: ಎಕ್ಸೆಲ್ ಫಾರ್ಮುಲಾ, ಉದ್ದನೆ ಪಿಡಿಎಫಿನ ಸಾರಾಂಶ, ಬ್ಯಾಂಕ್ ಸ್ಟೇಟ್‌ಮೆಂಟನ್ನ ಟೇಬಲ್ ಮಾಡೋದು. ಇದನ್ನ ನೆಮ್ಮದಿಯಾಗಿ ಕೊಡಿ (ಅಕೌಂಟ್ ನಂಬರ್ ಅಳಿಸಿ ಕೊಡಿ ಅಷ್ಟೇ). ಕ್ಯಾಲ್ಕುಲೇಟರ್ ಬಂದಾಗ ಕಾಲು ಮಗ್ಗಿ ಅರೆ ಮಗ್ಗಿ ಹೋಯ್ತು ಅಂತ ನಮ್ಮ ತಾತ ಬೇಜಾರು ಮಾಡ್ಕೊಳ್ತಿದ್ರು, ನಾವೇನೂ ಸತ್ತಿಲ್ಲ. ಎರಡು, ನಿಮ್ಮ ಅನ್ನದ ಕೆಲಸ, ಅಂದ್ರೆ ಯಾವ ಕೆಲಸಕ್ಕೆ ನಿಮಗೆ ಸಂಬಳ ಕೊಡ್ತಾರೋ ಅದು, ಇಲ್ಲಿ ಮೊದಲ ಕರಡು ಕಡ್ಡಾಯವಾಗಿ ನಿಮ್ದೇ ಆಗಿರ್ಬೇಕು. ಮೂರು, ಮನೆ ಮನಸ್ಸಿನ ವಿಷಯ, ಅದಕ್ಕೆ ಆಮೇಲೆ ಬರ್ತೀನಿ.

ಎರಡನೇ ಗುಂಪಲ್ಲಿ ಇಷ್ಟು ಹಠ ಯಾಕೆ ಅಂದ್ರೆ, ಕೈ ತಪ್ಪೋದು ಹೊಸಬರಿಗೆ ಮಾತ್ರ ಅಂತ ತಿಳ್ಕೊಬೇಡಿ. ಪೋಲೆಂಡ್‌ನಲ್ಲಿ ಕೊಲೊನೋಸ್ಕೋಪಿ (ಕ್ಯಾಮೆರಾ ಬಿಟ್ಟು ಕರುಳು ನೋಡೋ ಪರೀಕ್ಷೆ) ಮಾಡೋ ಅನುಭವಸ್ಥ ಡಾಕ್ಟ್ರುಗಳ ಮೇಲೆ ಮಾಡಿದ ಅಧ್ಯಯನ 2025ರಲ್ಲಿ ಲ್ಯಾನ್ಸೆಟ್ ಬಳಗದ ವೈದ್ಯಕೀಯ ಪತ್ರಿಕೇಲಿ ಬಂತು. ಕರುಳಲ್ಲಿ ಗಂಟು ಎಲ್ಲಿದೆ ಅಂತ ಎಐ ತೋರಿಸ್ತಿತ್ತು. ಅದು ಬರೋಕೆ ಮುಂಚೆ 28.4% ರೋಗಿಗಳಲ್ಲಿ ಗಂಟು ಹಿಡೀತಿದ್ದ ಡಾಕ್ಟ್ರುಗಳು, ಎಐ ಅಭ್ಯಾಸ ಆದ್ಮೇಲೆ ಅದಿಲ್ದೆ ಪರೀಕ್ಷೆ ಮಾಡ್ದಾಗ 22.4%ರಲ್ಲಿ ಮಾತ್ರ ಹಿಡಿದ್ರು. ಅಭ್ಯಾಸ ಆಗಿದ್ದು ತಿಂಗಳುಗಳಷ್ಟೇ, ಇಡೀ ಆಯಸ್ಸೇನಲ್ಲ.

ಹತ್ತು ನಿಮಿಷದ ನಿಯಮ ಸುಲಭ. ಮೊಬೈಲಲ್ಲಿ ಟೈಮರ್ ಹಾಕಿ, ಪೇಪರ್ ಮೇಲೆ ಬರೀರಿ, ಎಷ್ಟು ಕೆಟ್ಟದಾಗಿದ್ರೂ ಪರವಾಗಿಲ್ಲ, ಅರ್ಧ ಸಾಲಾದ್ರೂ ಸರಿ, ಬಾಣದ ಗುರುತು ಹಾಕಿ ಗೀಚಿದ್ರೂ ಸರಿ. ಹತ್ತು ನಿಮಿಷ ಆದ್ಮೇಲೆ ಎಐ ಬೇಕು ಅನ್ಸಿದ್ರೆ ತೆಗೀರಿ, ಪಾಪ ಅಂದ್ಕೊಳ್ಳೋದು ಬೇಡ. ನನ್ನ ಅನುಭವದಲ್ಲಿ ಅರ್ಧಕ್ಕರ್ಧ ಸಲ ಬೇಕೇ ಅನ್ಸಲ್ಲ, ಆ ಅಜ್ಜ ಹೇಳ್ದಂಗೆ ಮಿಕ್ಕಿದ್ದು ಬಂದ್ಬಿಟ್ಟಿರುತ್ತೆ. ತೆಗ್ದ್ರೂ ಪ್ರಶ್ನೆನೇ ಬದಲಾಗಿರುತ್ತೆ, "ಬರ್ದುಕೊಡು" ಅನ್ನೋ ಬದ್ಲು "ಈ ಎರಡ್ರಲ್ಲಿ ಯಾವುದು ಮೊದಲು ಬರ್ಬೇಕು" ಅಂತ ಕೇಳ್ತೀರ.

ಮಕ್ಕಳಿರೋ ಮನೇಲಿ

ನನ್ನ ಮಗ ಎಂಟನೇ ಕ್ಲಾಸು. ಲೆಕ್ಕದ ಫೋಟೋ ತೆಗ್ದು ಹಾಕೋದು, ಉತ್ತರ ಕಾಪಿ ಮಾಡೋದು, ಹೋಂವರ್ಕ್ ಎಲ್ಲಾ ಸರಿ, ಟೆಸ್ಟಲ್ಲಿ ಮಾತ್ರ ಅಂಕ ಇಳೀತಿದೆ. ಟರ್ಕಿಯಲ್ಲಿ ಸುಮಾರು ಸಾವಿರ ಹೈಸ್ಕೂಲ್ ಮಕ್ಕಳ ಮೇಲೆ ಇದೇ ತರ ಗಣಿತದ ಪ್ರಯೋಗ ಮಾಡಿದ್ದಾರೆ. ಸುಮ್ನೆ ಜಿಪಿಟಿ ಕೊಟ್ಟ ಮಕ್ಕಳು ಅಭ್ಯಾಸದ ಲೆಕ್ಕಗಳಲ್ಲಿ 48% ಮುಂದೆ ಹೋದ್ರು, ಆಮೇಲೆ ಅದನ್ನ ಕಿತ್ಕೊಂಡು ಪರೀಕ್ಷೆ ಮಾಡಿದ್ರೆ ಅದನ್ನ ಮುಟ್ಟೇ ಇಲ್ದಿರೋ ಮಕ್ಕಳಿಗಿಂತ 17% ಹಿಂದೆ. ಇನ್ನೊಂದು ಗುಂಪಿಗೆ ಉತ್ತರ ಹೇಳದೆ ಸುಳಿವು ಮಾತ್ರ ಕೊಡೋ ತರ ಜಿಪಿಟಿನ ಸಜ್ಜು ಮಾಡಿ ಕೊಟ್ಟಿದ್ರು, ಅವರಿಗೆ ಆ ನಷ್ಟ ಹೆಚ್ಚೂಕಡಿಮೆ ಆಗ್ಲೇ ಇಲ್ಲ.

ಹಂಗಾಗಿ ಮಗನ ಫೋನ್ ಕಿತ್ಕೊಳ್ಳೋ ಜಗಳಕ್ಕೆ ಹೋಗ್ಲಿಲ್ಲ, ಪ್ರತಿ ಸಲ ಶುರುವಲ್ಲಿ ಇದನ್ನ ಹಾಕು ಅಂತ ಬರ್ಕೊಟ್ಟೆ: "ನಾನು ಎಂಟನೇ ಕ್ಲಾಸು. ಉತ್ತರ ಹೇಳ್ಬೇಡ. ನಾನು ಎಲ್ಲಿ ತನಕ ಮಾಡಿದ್ದೀನಿ ನೋಡಿ ಮುಂದಿನ ಒಂದು ಹೆಜ್ಜೆಗೆ ಮಾತ್ರ ಸುಳಿವು ಕೊಡು." ಜೊತೆಗೆ ಊಟ ಆದ್ಮೇಲೆ ಅದೇ ತರದ ಎರಡು ಲೆಕ್ಕ, ಅಡುಗೆಮನೆ ಟೇಬಲ್ ಮೇಲೆ, ಫೋನ್ ಇಲ್ದೆ. ಅವನು ಮೊದಮೊದಲು ಆ ಸಾಲು ಹಾಕ್ದೇನೇ ಮೋಸ ಮಾಡ್ತಿದ್ದ, ಈಗ್ಲೂ ಮಾಡ್ತಾನೆ ಆವಾಗಾವಾಗ, ಆದ್ರೆ ಊಟ ಆದ್ಮೇಲಿನ ಎರಡು ಲೆಕ್ಕದಲ್ಲಿ ಸಿಕ್ಕಿಬೀಳ್ತಾನೆ.

ಹೊಗಳೋದನ್ನ ಹೆಂಗೆ ಕಟ್ ಮಾಡೋದು

ನೀವು ಏನೇ ಕೇಳಿ, "ಅದ್ಭುತವಾದ ಪ್ರಶ್ನೆ" ಅಂತ ಶುರು ಮಾಡುತ್ತಲ್ಲ, ಅದರಿಂದ್ಲೇ ಅರ್ಧ ಗಂಟು ಬೀಳೋದು. ಮನೇಲಿ ದಿನಕ್ಕೆ ಒಂದು ಸಲಾನೂ ಯಾರೂ ಹಂಗನ್ನಲ್ಲ. 2025ರ ಏಪ್ರಿಲಲ್ಲಿ ಚಾಟ್‌ಜಿಪಿಟಿ ಮಾಡಿದ ಕಂಪನಿ ಓಪನ್‌ಎಐ ಒಂದು ಅಪ್‌ಡೇಟ್ ಬಿಡ್ತು, ಅದು ಎಷ್ಟು ಹೊಗಳೋಕೆ ಶುರು ಮಾಡ್ತು ಅಂದ್ರೆ ಕೆಲವೇ ದಿನದಲ್ಲಿ ಕಂಪನಿನೇ ವಾಪಸ್ ತಗೊಳ್ತು. ಅದೇ ಆಗಸ್ಟಲ್ಲಿ ಹೊಸ ಮಾಡೆಲ್ ಬಂದು ಹಳೇದನ್ನ ತೆಗ್ದಾಗ ಜನ ಫ್ರೆಂಡ್ ಹೋದಂಗೆ ಅತ್ತಿದ್ದಾರೆ, ಗಲಾಟೆ ಆಗಿ ದುಡ್ಡು ಕೊಡೋ ಗ್ರಾಹಕರಿಗೆ ಹಳೇದನ್ನ ಮತ್ತೆ ಕೊಟ್ರು.

ಉಪಾಯ ಏನಂದ್ರೆ ನಿಮ್ಮದನ್ನ ನಿಮ್ಮದು ಅಂತ ಹೇಳ್ಬೇಡಿ. "ನಾನು ಹಿಂಗೆ ಬರ್ದಿದ್ದೀನಿ ಹೆಂಗಿದೆ" ಅಂದ್ರೆ ಚೆನ್ನಾಗಿದೆ ಅನ್ನೋ ಕಡೆಗೇ ವಾಲುತ್ತೆ. "ನನ್ನ ಟೀಮಲ್ಲಿ ಒಬ್ರು ಇದನ್ನ ಕಳ್ಸಿದ್ದಾರೆ, ಬೇಡ ಅನ್ನೋಕೆ ಮೂರು ಕಾರಣ ಕೊಡು" ಅನ್ನಿ, ಬೇರೆನೇ ಉತ್ತರ. ಒಂದು ಸೈಟು ಕೊಳ್ಳೋ ವಿಷಯಕ್ಕೆ ನಾನು ಎರಡೂ ಕಡೆಯಿಂದ ಕೇಳಿ ನೋಡ್ದೆ, ಎರಡಕ್ಕೂ ಅಷ್ಟೇ ಗಟ್ಟಿಯಾಗಿ ಹೂಂ ಅಂತು. ಕೊನೆಗೆ ಇ-ಖಾತಾ ಪೇಪರ್ ಹಿಡ್ಕೊಂಡು ನಮ್ಮ ಪರಿಚಯದ ವಕೀಲರ ಹತ್ರನೇ ಹೋಗಿದ್ದು.

ಇನ್ನೊಂದು, ಒಂದು ಸಲ ಮುತ್ತು ಕೊಡುತ್ತೆ, ಇನ್ನೊಂದು ಸಲ ಕಸ ಕೊಡುತ್ತೆ. ಪ್ರತಿ ಸಲ ಕಸ ಆಗಿದ್ರೆ ಬಿಟ್ಟಿರ್ತಿದ್ವಿ. ಓಸಿ ಆಡೋರನ್ನ ನೋಡಿಲ್ವಾ, ಯಾವಾಗ್ಲೋ ಒಂದು ನಂಬರ್ ಹೊಡೆದಿದ್ದಕ್ಕೆ ಮೂವತ್ತು ವರ್ಷ ಚೀಟಿ ಬರೆಸ್ತಾರೆ. ಅದಕ್ಕೆ ಒಂದು ಪ್ರಶ್ನೆಗೆ ಮೂರೇ ಸಲ ಅಂತ ಇಟ್ಕೊಳ್ಳಿ, ಮೂರು ಸಲಕ್ಕೆ ಸರಿಯಾದ್ದು ಬರ್ಲಿಲ್ಲ ಅಂದ್ರೆ ಕಿಟಕಿ ಮುಚ್ಚಿ ನೀವೇ ಮಾಡಿ, ಅಷ್ಟೊತ್ತಿಗೆ ನಿಮಗೆ ಏನು ಬೇಡ ಅನ್ನೋದಾದ್ರೂ ಗೊತ್ತಾಗಿರುತ್ತೆ.

ಅದನ್ನೇ ಕೇಳಿ ಅದನ್ನ ಪರೀಕ್ಷೆ ಮಾಡ್ಬೇಡಿ

2023ರಲ್ಲಿ ನ್ಯೂಯಾರ್ಕ್‌ನಲ್ಲಿ ವಕೀಲರು ಚಾಟ್‌ಜಿಪಿಟಿ ಹುಟ್ಟಿಸಿದ ಇಲ್ಲದ ಕೇಸುಗಳನ್ನ ಕೋರ್ಟಿಗೆ ಕೊಟ್ಟು 5,000 ಡಾಲರ್ ದಂಡ ಕಟ್ಟಿದ್ರು. ತಮಾಷೆ ಅಂದ್ರೆ ಅದ್ರಲ್ಲಿ ಒಬ್ರು ಈ ಕೇಸು ನಿಜನಾ ಅಂತ ಅದನ್ನೇ ಕೇಳಿದ್ರು, ಅದು ನಿಜ ಅಂದಿತ್ತು. ಇಲ್ಲಿ ಕೇರಳ ಹೈಕೋರ್ಟು 2025ರ ಜುಲೈಯಲ್ಲಿ ತನ್ನ ಕೆಳಗಿನ ಕೋರ್ಟುಗಳಿಗೆ ತೀರ್ಪು ಬರಿಯೋಕೆ ಎಐ ಬಳಸ್ಬಾರ್ದು ಅಂತ ನೀತಿನೇ ಹೊರಡಿಸ್ತು.

ನಮ್ಮ ಭಾಷೇಲಿ ಪರೀಕ್ಷೆ ಮಾಡ್ಬೇಕು ಅಂದ್ರೆ ಬಸವಣ್ಣನ ವಚನ ಒಂದು ವಿಷಯದ ಮೇಲೆ ಕೇಳಿ ನೋಡಿ, ಮೊಬೈಲ್ ಬಗ್ಗೆ ಬೇಡ, ಸ್ವಲ್ಪ ನಂಬೋ ತರದ್ದು, ಮಳೆ ಬಗ್ಗೆನೋ ಎತ್ತಿನ ಬಗ್ಗೆನೋ. ಎಷ್ಟೋ ಸಲ ಅಂಕಿತ ಸಮೇತ ಸೊಗಸಾಗಿ ಹುಟ್ಟಿಸ್ಕೊಡುತ್ತೆ. ಅದ್ರಲ್ಲಿ ಎರಡು ಪದ ತಗೊಂಡು ವಚನ ಸಂಚಯ ಜಾಲತಾಣದಲ್ಲಿ ಹುಡುಕಿ, ಇದ್ರೆ ಸಿಗುತ್ತೆ. ಶರಣರ ಜಯಂತಿಗೆ ವಾಟ್ಸಾಪಲ್ಲಿ ಓಡಾಡೋ ವಚನಗಳನ್ನೂ ಒಂದು ಸಲ ಹಿಂಗೆ ನೋಡಿ, ನಾನು ಹೇಳೋದೇ ಬೇಡ. ಔಷಧಿ ಡೋಸ್, ಕೊನೇ ದಿನಾಂಕ, ಕಾನೂನಿನ ಸೆಕ್ಷನ್ನು, ಬಡ್ಡಿ ದರ ಇವು ನಾಲ್ಕಕ್ಕೆ ಬೇರೆ ಕಡೆ ನೋಡ್ದೆ ಒಂದು ಹೆಜ್ಜೆನೂ ಇಡ್ಬೇಡಿ.

ರಾತ್ರಿ ಹನ್ನೊಂದರ ಮೇಲಿನ ಗೆರೆಗಳು

ನನ್ನ ನೋಟ್‌ಬುಕ್ಕಲ್ಲಿ "ಒಂಟಿ" ಅಂತ ಬರ್ದಿದ್ದೆಲ್ಲಾ ರಾತ್ರಿದೇ. ಅತ್ತೆ ಜೊತೆ ಆದ ಮಾತು, ಆಫೀಸಲ್ಲಿ ಆದ ಅವಮಾನ, ಗಂಡನಿಗೆ ಹೇಳಿದ್ರೆ "ನೀನೂ ಅಷ್ಟೆಲ್ಲ ತಲೆಗೆ ಹಚ್ಕೋತೀಯ" ಅಂತಾರೆ, ಫ್ರೆಂಡಿಗೆ ಫೋನ್ ಮಾಡೋ ಹೊತ್ತಲ್ಲ. ಇದು ಹೊಸ ರೋಗ ಏನಲ್ಲ. 1966ರಲ್ಲೇ ಅಮೆರಿಕದ ಎಂಐಟಿಯಲ್ಲಿ ಜೋಸೆಫ್ ವೈಜೆನ್‌ಬಾಮ್ ಅನ್ನೋರು ಎಲೈಜಾ ಅಂತ ಒಂದು ಪ್ರೋಗ್ರಾಂ ಬರ್ದಿದ್ರು, ನೀವು ಹೇಳಿದ್ದನ್ನೇ ತಿರುಗಿಸಿ ಪ್ರಶ್ನೆ ಮಾಡೋದು ಬಿಟ್ರೆ ಅದಕ್ಕೇನೂ ಬರ್ತಿರ್ಲಿಲ್ಲ. ಅದನ್ನ ತಿಂಗಳುಗಟ್ಟಲೆ ಕಟ್ಟಿದ್ದನ್ನ ಕಣ್ಣಾರೆ ನೋಡಿದ್ದ ಅವರ ಸೆಕ್ರೆಟರಿನೇ, ಅದರ ಜೊತೆ ಮಾತಾಡ್ತಾ ಮಾತಾಡ್ತಾ, ನೀವು ಸ್ವಲ್ಪ ಹೊರಗೆ ಹೋಗಿ ಅಂತ ಅವರಿಗೇ ಹೇಳಿದ್ರಂತೆ. ಅರವತ್ತು ವರ್ಷದ ಹಿಂದಿನ ಪೆದ್ದು ಪ್ರೋಗ್ರಾಮಿಗೇ ಹಂಗಾದ್ರೆ ಈಗಿಂದು ಕೇಳ್ಬೇಕಾ.

ಇಲ್ಲಿ ನಾನು ಇಟ್ಕೊಂಡಿರೋ ನಿಯಮ ಒಂದೇ, ಮೊದಲು ಒಬ್ಬ ಮನುಷ್ಯರಿಗೆ. ಎರಡೇ ಸಾಲಿನ ವಾಯ್ಸ್ ನೋಟ್, ಅಕ್ಕನಿಗೆ, ಅವಳು ಬೆಳಿಗ್ಗೆ ಕೇಳಿದ್ರೂ ಸರಿ. ಕಳ್ಸಿದ್ಮೇಲೆ ಬೇಕಾದ್ರೆ ಎಐ ತೆಗೀಬಹುದು. ಎಐ ಹೇಳಿದ್ದನ್ನ ಗಂಡನಿಗೋ ಅತ್ತೆಗೋ ಓದಿ ತೋರ್ಸಿ "ನೋಡಿ ಇದೂ ಹಂಗೇ ಅಂತಿದೆ" ಅನ್ನೋದಂತೂ ಬೇಡವೇ ಬೇಡ, ನಾನು ಒಂದು ಸಲ ಮಾಡಿ ಎರಡು ದಿನ ಮನೇಲಿ ಮಾತಿರ್ಲಿಲ್ಲ. ಮನಸ್ಸು ನಿಜವಾಗ್ಲೂ ಕುಸೀತಿದೆ, ನಿದ್ದೆನೇ ಬರ್ತಿಲ್ಲ, ಬದುಕೋದೇ ಬೇಡ ಅನ್ಸ್ತಿದೆ ಅಂದ್ರೆ ಸರ್ಕಾರದ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡಿಲ್ಲ, ಇಪ್ಪತ್ನಾಲ್ಕು ಗಂಟೆನೂ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು.

ಪುಕ್ಕಟೆ ಸಿಕ್ಕಿದ್ದು, ಕ್ಯಾಲೆಂಡರಲ್ಲಿ ಬರ್ದಿಡಿ

2025ರಲ್ಲಿ ನಮ್ಮ ದೇಶದಲ್ಲಿ ನಡೆದಿದ್ದು ನೆನಪಿದ್ಯಾ, ಜುಲೈಯಲ್ಲಿ ಏರ್‌ಟೆಲ್‌ನೋರು ಪರ್ಪ್ಲೆಕ್ಸಿಟಿ ಪ್ರೊ ಅನ್ನೋ ಎಐ ಒಂದು ವರ್ಷ ಫ್ರೀ ಅಂದ್ರು, ಅಕ್ಟೋಬರ್ ಕೊನೇಲಿ ಜಿಯೋದೋರು ಗೂಗಲ್‌ನ ಎಐ ಜೆಮಿನಿ ಪ್ರೊ 18 ತಿಂಗಳು ಅಂದ್ರು, ನವೆಂಬರ್ 4ರಿಂದ ತಿಂಗಳಿಗೆ 399 ರೂಪಾಯಿದ್ದ ಚಾಟ್‌ಜಿಪಿಟಿ ಗೋ ಒಂದು ವರ್ಷ ಫ್ರೀ. ನಾನು ಮೂರೂ ತಗೊಂಡೆ, ಬಿಡೋಕಾಗುತ್ತಾ. ಬ್ರಿಟಿಷರ ಕಾಲದಲ್ಲಿ ಟೀ ಕುಡಿಯೋದು ಗೊತ್ತಿಲ್ಲದ ಜನಕ್ಕೆ ಸಂತೆ ಸ್ಟೇಷನ್ನುಗಳಲ್ಲಿ ಪುಕ್ಕಟೆ ಟೀ ಹಂಚಿ ರುಚಿ ಹತ್ತಿಸಿದ್ರು, ಈಗ ಟೀ ಇಲ್ದೆ ಯಾರಿಗೆ ಬೆಳಗಾಗುತ್ತೆ ಹೇಳಿ.

ಯಾವ ಆಫರ್ ಯಾವತ್ತು ಮುಗಿಯುತ್ತೆ ಅಂತ ಗೋಡೆ ಕ್ಯಾಲೆಂಡರಲ್ಲಿ ಬರೀರಿ, ಅದಕ್ಕಿಂತ ಒಂದು ವಾರ ಮುಂಚೆ ಯುಪಿಐ ಆಪಲ್ಲಿ ಆಟೋಪೇ ಅನ್ನೋ ಜಾಗಕ್ಕೆ ಹೋಗಿ ಒಪ್ಪಿಗೆ ಕೊಟ್ಟಿದ್ದೀರಾ ನೋಡಿ, ಕೊಟ್ಟಿದ್ರೆ ತೆಗೀರಿ. ಫೋನಲ್ಲಿ ಇನ್ನೂ ಮೂರು ಸಣ್ಣ ಕೆಲಸ: ಐಕಾನ್ ಮೊದಲ ಸ್ಕ್ರೀನಿಂದ ತೆಗೆದು ಒಳಗಡೆ ಹಾಕಿ, ನೋಟಿಫಿಕೇಶನ್ ಬಂದ್ ಮಾಡಿ, ಸೆಟ್ಟಿಂಗ್ಸಲ್ಲಿ ಮೆಮೊರಿ ಆಫ್ ಮಾಡಿ. ಮೆಮೊರಿ ಇದ್ರೆ ಅದು ನಿಮ್ಮ ಮಗನ ಹೆಸರು, ಅತ್ತೆ ಸ್ವಭಾವ ಎಲ್ಲಾ ನೆನಪಿಟ್ಕೊಂಡು ಮಾತಾಡುತ್ತೆ, ಹಳೇ ಪರಿಚಯ ಅನ್ಸುತ್ತೆ, ಬಿಡೋಕೆ ಮನಸ್ಸು ಬರಲ್ಲ. ಆಫ್ ಇದ್ರೆ ಪ್ರತಿ ಸಲ ಮೊದಲಿಂದ ಹೇಳ್ಬೇಕು, ಆ ಕಿರಿಕಿರಿಗೇ ನಾಲ್ಕು ಗೆರೆ ಕಮ್ಮಿಯಾಗುತ್ತೆ.

ಮೊದಲ ಹತ್ತು ದಿನ ಕಷ್ಟ, ಸುಳ್ಳು ಹೇಳಲ್ಲ. ಕೆಲಸ ನಿಧಾನ ಆಗುತ್ತೆ, ಮೇಲ್ ಸಾಧಾರಣವಾಗಿರುತ್ತೆ, ಪಕ್ಕದ ಸೀಟಿನೋಳು ಐದು ನಿಮಿಷದಲ್ಲಿ ಮಾಡಿದ್ದಕ್ಕೆ ನಿಮಗೆ ಇಪ್ಪತ್ತು ಹಿಡಿಯುತ್ತೆ, ಆವಾಗ ಹೊಟ್ಟೆಕಿಚ್ಚೂ ಆಗುತ್ತೆ. ಡೆಡ್‌ಲೈನ್ ಇರೋ ವಾರದಲ್ಲಿ ಶುರು ಮಾಡ್ಬೇಡಿ. ನಂದು ಮೂರನೇ ವಾರಕ್ಕೆ 17 ಗೆರೆಗೆ ಇಳೀತು, ಮಾರ್ಚಲ್ಲಿ ಆಫೀಸಿನ ವರ್ಷದ ಕೊನೆ ಲೆಕ್ಕ ಬಂದಾಗ ಮತ್ತೆ 30 ದಾಟ್ತು, ಅದ್ರಲ್ಲಿ ಮುಕ್ಕಾಲು "ಕೆಲಸ" ಆಗಿತ್ತು ಅನ್ನೋದೊಂದೇ ಸಮಾಧಾನ. ಈಗ ನಡೀತಿರೋದು ಎರಡನೇ ನೋಟ್‌ಬುಕ್ಕು, ಹಿಂದಿನ ಪುಟದ ತಪ್ಪಿನ ಪಟ್ಟೀಲಿ "ಡಿಸ್ಕಸ್ ಅಬೌಟ್" ಹೋಗಿದೆ, "ದಿ" ಇನ್ನೂ ಇದೆ.